ಕಣ್ಣೀರು ಒಣಗಿದ ಮೇಲೂ ಕೊಡುವುದು

ಆಫೀಸಿನಿಂದ ನೇರವಾಗಿ ಬಂದಿರೋರು ತುಂಬ ಜನ ಇದ್ದೀರ, ಹೆಚ್ಚು ಹೊತ್ತು ತಗೊಳ್ಳಲ್ಲ.

ಹೋದ ವಾರ ಒಬ್ಬ ತಮ್ಮ ನನ್ನನ್ನ ಕೇಳಿದ: "ಪಾಸ್ಟರ್, ಒಂದು ಸೇವಾ ಸಂಸ್ಥೆಯ ವೆಬ್‌ಸೈಟ್‌ನಲ್ಲಿ ತಿಂಗಳಿಗೆ ಇಷ್ಟು ಅಂತ ಆಟೋಪೇ ಹಾಕಿದ್ದೀನಿ. ದುಡ್ಡು ತಾನಾಗೇ ಹೋಗುತ್ತೆ, ನನಗೆ ಗೊತ್ತೂ ಆಗಲ್ಲ. ಇದು ಕರೆಂಟ್ ಬಿಲ್ ಕಟ್ಟಿದ ಹಾಗೆ ಅಲ್ವಾ? ಹೃದಯ ಎಲ್ಲಿದೆ ಇದರಲ್ಲಿ?"

ಒಳ್ಳೆ ಪ್ರಶ್ನೆ. ನಾವು ಪವಿತ್ರಾತ್ಮನ ಪ್ರೇರಣೆಯನ್ನ ನಂಬುವ ಜನ. ಪ್ರೇರಣೆ ಆದಾಗ ಕೊಡಬೇಕು ಅಂತೀವಿ. ಹಾಗಾದರೆ ಪ್ರತಿ ತಿಂಗಳು 5ನೇ ತಾರೀಕು ತಪ್ಪದೆ ಪ್ರೇರಣೆ ಬರುತ್ತಾ?

ಮೊದಲು ನನ್ನದೇ ಒಂದು ವಿಷಯ ಹೇಳ್ತೀನಿ. ಕ್ಯಾನ್ಸರ್ ಕೊನೇ ಹಂತದಲ್ಲಿ ಇರೋರನ್ನ ಅವರ ಮನೆಗೇ ಹೋಗಿ ನೋಡಿಕೊಳ್ಳುವ ಒಂದು ಸಂಸ್ಥೆ ಇದೆ. ಒಂದು ದಿನ ಅವರ ನರ್ಸ್ ಜೊತೆ ನಾನೂ ಹೋಗಿದ್ದೆ. ಒಬ್ಬ ತಾಯಿಯ ಹುಣ್ಣಿಗೆ ಆ ಸಿಸ್ಟರ್ ಡ್ರೆಸ್ಸಿಂಗ್ ಮಾಡೋದನ್ನ ನೋಡಿ ಅತ್ತುಬಿಟ್ಟೆ. ಅಲ್ಲೇ ನಿಂತು ಫೋನ್‌ನಲ್ಲಿ 6,000 ರೂಪಾಯಿ ಕಳಿಸಿದೆ. ಮನಸ್ಸು ಹಗುರ ಆಯ್ತು. ಆಮೇಲೆ ಮರೆತುಬಿಟ್ಟೆ.

ಎಂಟು ತಿಂಗಳಾದ ಮೇಲೆ ಮತ್ತೆ ಹೋದಾಗ ಆ ಸಿಸ್ಟರ್ ಇರಲಿಲ್ಲ. ಸಂಬಳ ಕೊಡೋಕೆ ಆಗದೆ ಬಿಡಬೇಕಾಯ್ತಂತೆ. ಲೆಕ್ಕ ನೋಡುವ ಅಣ್ಣ ಹೇಳಿದರು, "ಪಾಸ್ಟರ್, ಡಿಸೆಂಬರ್‌ನಲ್ಲಿ ಎಲ್ಲರೂ ಕೊಡ್ತಾರೆ. ಆದರೆ ಜುಲೈನಲ್ಲೂ ಸಂಬಳ ಇರುತ್ತೆ ಅಂತ ಯಾರಿಗೂ ಮಾತು ಕೊಡೋಕೆ ನನಗೆ ಧೈರ್ಯ ಇಲ್ಲ. ತಿಂಗಳಿಗೆ 500 ಕೊಡೋ ನಲವತ್ತು ಜನ ಇದ್ದರೆ 20,000 ಆಯ್ತು. ಆ ಧೈರ್ಯ ಬರುತ್ತೆ."

ನಾನು ಮನೆಗೆ ಬಂದು ಲೆಕ್ಕ ಹಾಕಿದೆ. ವರ್ಷಕ್ಕೆ ಅದೇ 6,000. ಒಂದು ರೂಪಾಯಿನೂ ಹೆಚ್ಚಲ್ಲ. ನಾನು ಕೊಟ್ಟಿದ್ದು ನನ್ನ ಕಣ್ಣೀರಿನ ಲೆಕ್ಕದಲ್ಲಿ. ಅವರಿಗೆ ಬೇಕಾಗಿದ್ದು ತಿಂಗಳ ಲೆಕ್ಕದಲ್ಲಿ.

ಈಗ ಸತ್ಯವೇದ ನೋಡಿ, 1 ಕೊರಿಂಥ 16ನೇ ಅಧ್ಯಾಯ. ಯೆರೂಸಲೇಮಿನ ಬಡ ವಿಶ್ವಾಸಿಗಳಿಗಾಗಿ ಪೌಲನು ಹಣ ಸಂಗ್ರಹಿಸ್ತಾ ಇದ್ದಾನೆ. ಅವನು ಏನು ಹೇಳ್ತಾನೆ? ವಾರದ ಮೊದಲನೇ ದಿನ ಪ್ರತಿಯೊಬ್ಬರೂ ತಮ್ಮ ಸಂಪಾದನೆಗೆ ತಕ್ಕ ಹಾಗೆ ತೆಗೆದಿಡಲಿ, ನಾನು ಬಂದ ಮೇಲೆ ಸಂಗ್ರಹ ಶುರು ಮಾಡೋದು ಬೇಡ ಅಂತಾನೆ. ಗಮನಿಸಿ, ಪೌಲ ಬಂದು ನಿಂತು ಒಂದು ಪ್ರಸಂಗ ಮಾಡಿದ್ದರೆ ರಾಶಿ ದುಡ್ಡು ಬರ್ತಿತ್ತು. ಅವನಿಗೆ ಅದು ಬೇಡ. ಆತ್ಮನ ವರಗಳ ಬಗ್ಗೆ 12ನೇ ಅಧ್ಯಾಯದಲ್ಲಿ ಬರೆದ ಅದೇ ಮನುಷ್ಯ, ಅದೇ ಪತ್ರಿಕೆಯಲ್ಲಿ ವಾರದ ಶಿಸ್ತನ್ನೂ ಬರೀತಾನೆ. ಆದರೂ ಆಮೇಲೆ ಎರಡನೇ ಪತ್ರಿಕೆಯಲ್ಲಿ, ಹೋದ ವರ್ಷ ಶುರು ಮಾಡಿದ್ದನ್ನ ಮುಗಿಸಿ ಅಂತ ನೆನಪಿಸಬೇಕಾಯ್ತು. ಕೊರಿಂಥದವರೂ ನನ್ನ ಹಾಗೇ ಇದ್ದರು!

ಹಾಗಾಗಿ ಆ ತಮ್ಮನಿಗೆ ನನ್ನ ಉತ್ತರ ಇದು. ಪ್ರೇರಣೆ ಬಂದ ದಿನ ನೀನು ಮಾತು ಕೊಟ್ಟೆ. ಪ್ರೇರಣೆ ಕಾಣದ ದಿನವೂ ಆ ಮಾತು ಉಳಿದರೆ ಅದೇ ನಂಬಿಗಸ್ತಿಕೆ. ನಂಬಿಗಸ್ತಿಕೆಯೂ ಆತ್ಮನ ಫಲವೇ ಅಲ್ವಾ? ಮದುವೆಯಾದವನು ದಿನಾ ಪ್ರೀತಿ ಉಕ್ಕಿದಾಗ ಮಾತ್ರ ಮನೆಗೆ ಬರಲ್ಲ.

ಆದರೆ ಅವನ ಭಯದಲ್ಲೂ ಸತ್ಯ ಇದೆ. ದುಡ್ಡು ಹೋಗ್ತಾ ಇರುತ್ತೆ, ಮನುಷ್ಯರು ಮರೆತು ಹೋಗ್ತಾರೆ. ಅದಕ್ಕೊಂದು ದಾರಿ ಇದೆ. ಇಂಥ ಆಟೋ ಡೆಬಿಟ್‌ಗೆ ಕನಿಷ್ಠ 24 ಗಂಟೆ ಮೊದಲು ನಿಮಗೆ ತಿಳಿಸಬೇಕು ಅಂತ ರಿಸರ್ವ್ ಬ್ಯಾಂಕಿನ ನಿಯಮ ಇದೆ. ಆ ಮೆಸೇಜನ್ನ ನಾವು ನೋಡದೆ ಸ್ವೈಪ್ ಮಾಡಿ ಬಿಸಾಕ್ತೀವಿ. ಇನ್ಮೇಲೆ ಅದು ಬಂದಾಗ ಒಂದು ನಿಮಿಷ ನಿಂತು ಪ್ರಾರ್ಥನೆ ಮಾಡಿ. ವರ್ಷಕ್ಕೆ ಒಂದು ಸಲ ಹೋಗಿ ಅವರ ಮುಖ ನೋಡಿ.

ಇನ್ನೂ ಕೆಲವು ಮಾತು. ಕ್ರೆಡಿಟ್ ಕಾರ್ಡ್ ಸಾಲ ಇದ್ದರೆ, ಮನೆಯಲ್ಲಿ ಅಪ್ಪ ಅಮ್ಮನ ಔಷಧಿಗೆ ಕಷ್ಟ ಇದ್ದರೆ, ಮೊದಲು ಅದನ್ನ ನೋಡಿ. ಸಂಸ್ಥೆಯ ಆಡಿಟ್ ಆದ ಲೆಕ್ಕ ಕೇಳಿ ನೋಡಿ, ಅದು ಅವಿಶ್ವಾಸ ಅಲ್ಲ. ಕೆಟ್ಟ ತಿಂಗಳಲ್ಲೂ ಕೊಡಬಲ್ಲ ಮೊತ್ತ ಹಾಕಿ, 5,000 ಹಾಕಿ ಮೂರು ತಿಂಗಳಿಗೆ ನಿಲ್ಲಿಸೋದಕ್ಕಿಂತ 200 ಮೇಲು. ನಿಲ್ಲಿಸಲೇಬೇಕಾದರೆ ಆ್ಯಪ್‌ನಲ್ಲೇ ನಿಲ್ಲಿಸಬಹುದು, ನಾಚಿಕೆ ಬೇಡ, ಆದರೆ ಅವರಿಗೆ ಒಂದು ಮಾತು ತಿಳಿಸಿ. ಬಲವಂತದ ಕಾಣಿಕೆ ದೇವರಿಗೆ ಬೇಡ. ಮತ್ತೆ, ಹೊಸ ತೆರಿಗೆ ಪದ್ಧತಿಯಲ್ಲಿ ಇರೋರಿಗೆ 80ಜಿ ವಿನಾಯಿತಿ ಸಿಗಲ್ಲ. ಸಿಗದಿದ್ದರೂ ಕೊಡ್ತೀರಾ? ಅದನ್ನ ನಿಮ್ಮ ಹೃದಯಕ್ಕೆ ನೀವೇ ಕೇಳಿಕೊಳ್ಳಿ.

ನಾನು ಈಗ ತಿಂಗಳಿಗೆ 500 ಹಾಕಿದ್ದೀನಿ. ಆ ಸಿಸ್ಟರ್ ಎಲ್ಲಿದ್ದಾರೋ ನನಗೆ ಗೊತ್ತಿಲ್ಲ. ಮುಂದೆ ಬರುವ ಸಿಸ್ಟರ್‌ಗೆ ಜುಲೈ ತಿಂಗಳ ಸಂಬಳ ಇರಲಿ ಅನ್ನೋದೇ ನನ್ನ ಪ್ರಾರ್ಥನೆ.

ತಲೆ ಬಾಗಿಸಿ ಪ್ರಾರ್ಥಿಸೋಣ. ಆಮೆನ್.