ನೋಡುವವನ ಪಾಲು

ಹಸಿದ ಪ್ರಾಣಿ ಇನ್ನೊಂದು ಪ್ರಾಣಿಯನ್ನು ಕೊಂದು ತಿನ್ನುವುದರಲ್ಲಿ ಪಾಪವಿಲ್ಲವೆಂದು ಒಪ್ಪುವುದು ಕಷ್ಟವಲ್ಲ. ಹುಲ್ಲು ತಿಂದು ಬದುಕಲಾರದ ಜೀವಕ್ಕೆ ಮಾಂಸವೇ ಗತಿ. ಬೇರೆ ದಾರಿಯಿಲ್ಲದ ಕಡೆ ಧರ್ಮಾಧರ್ಮದ ಪ್ರಶ್ನೆಯೂ ಇಲ್ಲ. ಆದರೆ ಮನುಷ್ಯನೊಬ್ಬ ಹೊಟ್ಟೆ ತುಂಬ ತಿಂಡಿ ತಿಂದು, ಸಾವಿರಾರು ಮೈಲಿ ದಾಟಿ ಹೋಗಿ, ಆ ಕೊಲೆಯನ್ನು ನೋಡುವುದಕ್ಕೆಂದೇ ಹಣ ಕೊಟ್ಟು ಕಾದು ಕುಳಿತರೆ ಅವನ ವಿಷಯವೇನು? ಕೊಂದ ಪ್ರಾಣಿಯನ್ನು ನಿರ್ದೋಷಿಯೆಂದು ಬಿಟ್ಟ ನಾವು ನೋಡಿದ ಮನುಷ್ಯನನ್ನೂ ಅಷ್ಟೇ ಸುಲಭವಾಗಿ ಬಿಡಬಹುದೆ?

ಈ ಪ್ರಶ್ನೆ ನನ್ನನ್ನು ಹಿಡಿದದ್ದು ಕೀನ್ಯಾ ದೇಶದ ಮಾಸಾಯಿ ಮಾರಾದಲ್ಲಿ. ಟಾಂಜಾನಿಯಾದ ಸೆರೆಂಗೆಟಿ ಬಯಲು ಉತ್ತರಕ್ಕೆ ಗಡಿ ದಾಟಿ ಹಬ್ಬಿರುವ ಭಾಗ ಅದು. ಮಳೆಯನ್ನೂ ಹುಲ್ಲನ್ನೂ ಅರಸಿಕೊಂಡು ವಿಲ್ಡೆಬೀಸ್ಟ್ ಎಂಬ ಪ್ರಾಣಿಗಳ ದೊಡ್ಡ ದೊಡ್ಡ ಹಿಂಡುಗಳು ವರ್ಷವರ್ಷವೂ ಅಲ್ಲಿಗೆ ಬರುತ್ತವೆ. ಅವುಗಳಿಗಾಗಿ ಸಿಂಹಗಳೂ ಕತ್ತೆಕಿರುಬಗಳೂ ಮೊಸಳೆಗಳೂ ಕಾದಿರುತ್ತವೆ. ಇವೆಲ್ಲವನ್ನೂ ನೋಡುವುದಕ್ಕೆ ನಮ್ಮಂಥವರು ಕಾದಿರುತ್ತೇವೆ.

ನಾವು ಕಂಡದ್ದು ಚೀತಾ. ಅದು ನಮ್ಮ ಕಾಡಿನ ಚಿರತೆಯಲ್ಲ. ನೀಳವಾದ ಕಾಲು, ಸಣ್ಣ ತಲೆ, ಕಣ್ಣಿನ ಮೂಲೆಯಿಂದ ಬಾಯಿಯವರೆಗೆ ಕಣ್ಣೀರು ಹರಿದು ಒಣಗಿದಂತೆ ಒಂದೊಂದು ಕಪ್ಪು ಗೆರೆ. ಓಟದಲ್ಲಿ ಅದನ್ನು ಮೀರಿಸುವ ಪ್ರಾಣಿ ನೆಲದ ಮೇಲಿಲ್ಲ. ಆದರೆ ಬಲದಲ್ಲಿ ಸಿಂಹಕ್ಕೂ ಕತ್ತೆಕಿರುಬಕ್ಕೂ ಅದು ಸಾಟಿಯಲ್ಲ. ಅವು ಬಂದರೆ ಹಿಡಿದ ಬೇಟೆಯನ್ನು ಬಿಟ್ಟು ಹೋಗಬೇಕು. ಆದ್ದರಿಂದಲೇ ಅದು ಬಹುಮಟ್ಟಿಗೆ ಹಗಲು ಹೊತ್ತಿನಲ್ಲಿ ಬೇಟೆಯಾಡುತ್ತದೆ.

ತಾಯಿ ಚೀತಾ ಒಂದು ಹುತ್ತದ ಮೇಲೆ ಕುಳಿತಿತ್ತು. ಕೆಳಗೆ ಅದರ ಎರಡು ಮರಿಗಳು. ನಮ್ಮ ಜೊತೆಯಲ್ಲಿದ್ದ ವೃದ್ಧ ಮಹಿಳೆಯೊಬ್ಬರು ಅವನ್ನು ನೋಡಿ, “ಪಾಪ, ಹೊಟ್ಟೆ ಬೆನ್ನಿಗೆ ಹತ್ತಿಹೋಗಿದೆಯಲ್ಲ, ಯಾವಾಗ ತಿಂದವೋ ಏನೋ” ಎಂದು ಮರುಗಿದರು. ಸ್ವಲ್ಪ ಹೊತ್ತಿನ ಮೇಲೆ ತಾಯಿ ಹುತ್ತದಿಂದ ಇಳಿಯಿತು. ದೂರದಲ್ಲಿ ಥಾಮ್ಸನ್ ಗೆಜೆಲ್ ಎಂಬ ಸಣ್ಣ ಜಾತಿಯ ಹುಲ್ಲೆಗಳು ಮೇಯುತ್ತಿದ್ದವು. ಚೀತಾ ನಡೆದದ್ದು, ನಿಂತದ್ದು, ಮತ್ತೆ ನಡೆದದ್ದು ಬಹಳ ಹೊತ್ತು. ಓಡಿದ್ದು ಒಂದು ನಿಮಿಷವೂ ಇಲ್ಲ. ಹಿಂಡು ಚೆದರಿತು. ಎಳೆಯ ಹುಲ್ಲೆಯೊಂದು ಎರಡು ಸಲ ಹೊರಳಿ ತಪ್ಪಿಸಿಕೊಂಡಿತು. ಮೂರನೆಯ ಸಲ ತಪ್ಪಿಸಿಕೊಳ್ಳಲಿಲ್ಲ. ಚೀತಾ ಅದರ ಗಂಟಲನ್ನು ಕಚ್ಚಿ ಹಿಡಿಯಿತು. ಉಸಿರು ಕಟ್ಟಿ ಸಾಯುವುದಕ್ಕೆ ಕೆಲವು ನಿಮಿಷಗಳೇ ಬೇಕು. ಕಾಲುಗಳು ಆಡುತ್ತಲೇ ಇದ್ದವು. ಆಗ ಅದೇ ಮಹಿಳೆ, “ಅಯ್ಯೋ, ಯಾರಾದರೂ ಬಿಡಿಸಿರಪ್ಪ” ಎಂದು ಮುಖ ತಿರುಗಿಸಿಕೊಂಡರು.

ಎರಡು ಸಲವೂ ಅವರಾಡಿದ ಮಾತು ನಿಜವಾದ ಕರುಣೆಯ ಮಾತೇ. ಆದರೆ ಮೊದಲನೆಯ ಕರುಣೆ ನೆರವೇರಬೇಕಾದರೆ ಎರಡನೆಯದು ಸೋಲಬೇಕು. ಎರಡನೆಯದು ಗೆದ್ದರೆ ಮರಿಗಳು ಉಪವಾಸ. ಶಿಬಿಯ ಕಥೆ ಹೇಳುವಾಗ ನಾವು ರಾಜನ ತ್ಯಾಗವನ್ನು ಕೊಂಡಾಡುತ್ತೇವೆ, ಗಿಡುಗನ ವಾದವನ್ನು ಮರೆಯುತ್ತೇವೆ. ಪಾರಿವಾಳವನ್ನು ಉಳಿಸಿ ನನ್ನ ಆಹಾರವನ್ನು ಕಿತ್ತುಕೊಳ್ಳುವುದು ಯಾವ ಧರ್ಮವೆಂದು ಅದು ಕೇಳಿತು. ಶಿಬಿ ಆ ಪ್ರಶ್ನೆಯನ್ನು ತಳ್ಳಿಹಾಕಲಿಲ್ಲ. ತನ್ನ ತೊಡೆಯ ಮಾಂಸವನ್ನೇ ತೂಗಿ ಕೊಟ್ಟ. ಬಿಡಿಸುವವನು ಬೆಲೆ ತೆರಬೇಕೆಂಬುದು ಆ ಕಥೆಯ ಅರ್ಥ. ಮೋಟಾರಿನಲ್ಲಿ ಕುಳಿತು ಬಿಡಿಸಿರೆಂದು ಕೂಗುವ ನಮ್ಮ ಕರುಣೆಯ ಬೆಲೆಯನ್ನು ಆ ಮರಿಗಳು ತೆರಬೇಕಾಗುತ್ತದೆ. ಪುಣ್ಯಕೋಟಿಯ ಹುಲಿಗೆ ಕರುಣೆ ಹುಟ್ಟಿದಾಗ ಅದಕ್ಕೆ ಉಳಿದ ದಾರಿ ಸಾವೊಂದೇ ಎಂಬುದನ್ನೂ ನೆನೆಯಬಹುದು. ಆ ಹಾಡನ್ನು ಕಟ್ಟಿದವರಿಗೆ ಮಾಂಸಾಹಾರಿಯ ಸಂಕಟ ತಿಳಿದಿತ್ತು.

ಹಾಗೆಂದು “ಪ್ರಕೃತಿಯ ನಿಯಮ” ಎಂಬ ಎರಡು ಮಾತಿನಲ್ಲಿ ಮುಗಿಸಿಬಿಡುವುದೂ ನನಗೆ ಸರಿಕಾಣುವುದಿಲ್ಲ. ನಿಯಮವಾದ ಮಾತ್ರಕ್ಕೆ ನೋವು ನೋವಲ್ಲದೆ ಹೋಗುವುದಿಲ್ಲ. ಬದುಕಿರುವ ಕಂಬಳಿಹುಳುವಿನೊಳಗೆ ಬೆಳೆದು ಅದನ್ನೇ ತಿನ್ನುವ ಕಣಜಗಳನ್ನು ದಯಾಮಯನಾದ ದೇವರು ಬೇಕೆಂದೇ ಸೃಷ್ಟಿಸಿದನೆಂದು ನಂಬುವುದು ತನಗೆ ಸಾಧ್ಯವಿಲ್ಲವೆಂದು ಡಾರ್ವಿನ್ 1860ರಲ್ಲಿ ಮಿತ್ರನೊಬ್ಬನಿಗೆ ಬರೆದ. ಪ್ರಕೃತಿಯ ನಿಯಮಗಳನ್ನು ಅವನಷ್ಟು ಬಲ್ಲವರು ಆಗ ಎಷ್ಟು ಮಂದಿ ಇದ್ದರು? ಆ ಜ್ಞಾನ ಅವನಿಗೆ ಸಮಾಧಾನ ಕೊಡಲಿಲ್ಲ. ಹುಲ್ಲೆಯ ಕಾಲು ಬಡಿದುಕೊಳ್ಳುವುದನ್ನು ಕಂಡು ನಮಗೂ ಸಮಾಧಾನವಾಗಬೇಕಾಗಿಲ್ಲ. ಬಿಡಿಸಬಾರದು, ಆದರೆ ನೋಯದೆಯೂ ಇರಬಾರದು.

ಇನ್ನು ನೋಡುವವನ ಮಾತು. ನಾವೇನೂ ಮಾಡುವುದಿಲ್ಲ, ಸುಮ್ಮನೆ ನೋಡುತ್ತೇವೆ ಎಂದು ಹೇಳಿಕೊಳ್ಳುವುದು ವಾಡಿಕೆ. ಅದು ಪೂರ್ತಿ ನಿಜವಲ್ಲ. ಮಾರಾದ ಚೀತಾಗಳನ್ನು ಕುರಿತು 2018ರಲ್ಲಿ ಪ್ರಕಟವಾದ ಅಧ್ಯಯನವೊಂದುಂಟು. ಪ್ರವಾಸಿಗಳ ಓಡಾಟ ಕಡಮೆಯಿರುವ ಕಡೆ ತಾಯಿ ಚೀತಾ ಒಂದು ಸೂಲಿಗೆ ಸರಾಸರಿ ಎರಡಕ್ಕೂ ಹೆಚ್ಚು ಮರಿಗಳನ್ನು ಬೆಳೆಸಿ ದೊಡ್ಡವು ಮಾಡುತ್ತಿತ್ತು. ಓಡಾಟ ಬಹಳವಾಗಿದ್ದ ಕಡೆ ಐದು ಸೂಲಿಗೆ ಉಳಿದದ್ದು ಸುಮಾರು ಒಂದು ಮರಿ. ಕೋವಿಯಿಲ್ಲದೆ, ಬರಿಯ ಕುತೂಹಲದಿಂದ, ಕ್ಯಾಮೆರಾ ಹಿಡಿದು ಹೋದವರ ನಡುವೆ ಆದ ಮಾತಿದು. ಪ್ರಾಣಿಯ ಸುತ್ತ 5ಕ್ಕಿಂತ ಹೆಚ್ಚು ವಾಹನ ನಿಲ್ಲಬಾರದು, 25 ಮೀಟರಿಗಿಂತ ಹತ್ತಿರ ಹೋಗಬಾರದು ಎಂಬ ನಿಯಮಗಳು ಅಲ್ಲಿ ಇರುವುದು ಇದಕ್ಕಾಗಿಯೇ.

ಹಾಗಾದರೆ ಹೋಗುವುದೇ ಬೇಡವೆನ್ನೋಣವೆ? ಅದೂ ಅಷ್ಟು ಸರಳವಲ್ಲ. ಮಾರಾದ ಸುತ್ತಲಿನ ಎಷ್ಟೋ ನೆಲ ಮಾಸಾಯಿ ಜನರ ಸ್ವಂತದ್ದು. ಪ್ರವಾಸಿಗಳಿಂದ ಬಂದ ಹಣದಲ್ಲಿ ಅವರಿಗೆ ಗುತ್ತಿಗೆ ಸಲ್ಲುವುದರಿಂದ ಆ ನೆಲಕ್ಕೆ ಬೇಲಿ ಬೀಳದೆ ಚೀತಾಕ್ಕೂ ಹುಲ್ಲೆಗೂ ಜಾಗ ಉಳಿದಿದೆ. ನೋಡುವವನ ಕುತೂಹಲವೇ ಆ ಬಯಲನ್ನು ಕಾಯುತ್ತಿದೆ, ಅದೇ ಕುತೂಹಲ ಮಿತಿ ಮೀರಿದಾಗ ಮರಿಗಳನ್ನು ಕೊಲ್ಲುತ್ತಿದೆ.

ಅಂದು ನಮ್ಮ ಚಾಲಕ ಎಂಜಿನನ್ನು ಆರಿಸಿ ದೂರದಲ್ಲೇ ನಿಂತಿದ್ದ. ಇನ್ನೂ ಹತ್ತಿರ ಹೋಗೋಣವೆಂದು ಜೊತೆಯವರೊಬ್ಬರು ಒತ್ತಾಯಿಸಿದಾಗ ಅವನು ಹೇಳಿದ್ದು ಇಷ್ಟೇ: “ಅವು ಊಟ ಮಾಡಲಿ.” ನಮಗೆ ಚಿತ್ರ ಚೆನ್ನಾಗಿ ಸಿಗಲಿಲ್ಲ. ತಾಯಿ ಏದುಸಿರು ಬಿಡುತ್ತ ನಾಲ್ಕು ದಿಕ್ಕಿಗೂ ನೋಡುತ್ತಿತ್ತು, ಮರಿಗಳು ತಿಂದವು.

ಚೀತಾಕ್ಕೆ ಕೊಲ್ಲದೆ ಇರುವ ಸ್ವಾತಂತ್ರ್ಯವಿಲ್ಲ. ಹುಲ್ಲೆಗೆ ಓಡದೆ ಇರುವ ಸ್ವಾತಂತ್ರ್ಯವಿಲ್ಲ. ಹೋಗಬೇಕೇ, ಎಷ್ಟು ಹತ್ತಿರ ಹೋಗಬೇಕು, ಎಷ್ಟು ಹೊತ್ತು ಇರಬೇಕು, ಯಾವಾಗ ಹಿಂದಿರುಗಬೇಕು ಎಂದು ಯೋಚಿಸಿ ತೀರ್ಮಾನಿಸುವ ಶಕ್ತಿ ಅಲ್ಲಿದ್ದದ್ದು ಮೋಟಾರಿನೊಳಗಿನ ಪ್ರಾಣಿಗೆ ಮಾತ್ರ. ಆ ಬಯಲಿನಲ್ಲಿ ಕ್ರೌರ್ಯವೆಂಬ ಮಾತನ್ನು ಯಾರಿಗಾದರೂ ಅನ್ವಯಿಸಬಹುದಾದರೆ ಅದು ಅವನಿಗೇ. ಕರುಣೆಯೆಂಬ ಮಾತನ್ನೂ ಅಷ್ಟೆ.