ಒಂದು ಕಣದ ಕರ್ಮ

1864ರ ಆಗಸ್ಟ್‌ನಲ್ಲಿ ಬೆಂಗಳೂರು ದಂಡು ನಿಲ್ದಾಣಕ್ಕೂ ಜೋಲಾರ್‌ಪೇಟೆಗೂ ನಡುವೆ ಉಗಿಬಂಡಿ ಓಡತೊಡಗಿತು. ಇಂದು ಕೆ.ಆರ್. ಪುರ ದಾಟಿ ಮಾಲೂರಿನ ಕಡೆ ಹೋಗುವ ಹಳಿ ಅದೇ ದಾರಿಯದು. ಮರುವರ್ಷವೇ ಜರ್ಮನ್ ವಿಜ್ಞಾನಿ ರುಡಾಲ್ಫ್ ಕ್ಲಾಸಿಯಸ್ ‘ಎಂಟ್ರೊಪಿ’ ಎಂಬ ಹೆಸರನ್ನು ಬಳಕೆಗೆ ತಂದರು. ಉಗಿಯಂತ್ರಗಳ ಲೆಕ್ಕಾಚಾರದಿಂದಲೇ ಬೆಳೆದ ಉಷ್ಣಶಾಸ್ತ್ರದ ಮಾತದು. ಬಾಯ್ಲರಿನ ಬಿಸಿಯೆಲ್ಲ ಗಾಲಿಗೆ ಬರುವುದಿಲ್ಲ. ಒಂದು ಪಾಲು ಹೊರಗಿನ ಗಾಳಿಗೆ ಹೋಗಲೇಬೇಕು, ಹೋದದ್ದು ತಾನಾಗಿ ಮರಳದು. ಹೀಗೆ ಮರಳದಂತೆ ಹರಡಿಹೋಗುವುದರ ಅಳತೆ ಎಂಟ್ರೊಪಿ; ಒಟ್ಟಾರೆ ಅದು ಕಡಿಮೆಯಾಗದು ಎಂಬುದೇ ಉಷ್ಣಶಾಸ್ತ್ರದ ಎರಡನೆಯ ನಿಯಮ.

ಇಂಥ ಕಟ್ಟುನಿಟ್ಟಿನ ನಿಯಮಗಳನ್ನು ಕರ್ಮಸಿದ್ಧಾಂತಕ್ಕೆ ಸಾಕ್ಷಿಯಾಗಿ ನಿಲ್ಲಿಸುವುದು ಪ್ರವಚನಗಳಲ್ಲಿ ಈಗ ಸಾಮಾನ್ಯ. ಶಕ್ತಿ ನಾಶವಾಗದು, ಹಾಗೆಯೇ ಕರ್ಮವೂ. ‘ಮಾಡಿದ್ದುಣ್ಣೋ ಮಹರಾಯ’ ಎಂಬುದನ್ನು ವಿಜ್ಞಾನವೂ ಒಪ್ಪಿದೆ ಎನ್ನುತ್ತಾರೆ. ನಿಜವಾಗಿ ಒಪ್ಪಿದೆಯೇ?

ಉತ್ತರ ಹುಡುಕಲು ರೈಲು ಎಂಜಿನ್ ಬಿಟ್ಟು ತೀರಾ ಸಣ್ಣ ಎಂಜಿನ್ ನೋಡಬೇಕು. ಅದೂ ಬೆಂಗಳೂರಿನದೇ. ಭಾರತೀಯ ವಿಜ್ಞಾನ ಸಂಸ್ಥೆಯ ಅಜಯ್ ಸೂದ್, ಜಕ್ಕೂರಿನ ಜವಾಹರಲಾಲ್ ನೆಹರು ಕೇಂದ್ರದ ರಾಜೇಶ್ ಗಣಪತಿ ಮತ್ತು ಸಂಗಡಿಗರು 2016ರಲ್ಲಿ ಇದರ ವರದಿ ಪ್ರಕಟಿಸಿದರು. ನೀರಿನಲ್ಲಿ ಬ್ಯಾಕ್ಟೀರಿಯಾಗಳ ಗುಂಪು. ನಡುವೆ ಕೆಲವೇ ಮೈಕ್ರೊಮೀಟರ್ ಅಗಲದ ಒಂದು ಗುಂಡು, ಲೇಸರ್ ಬೆಳಕಿನ ಹಿಡಿತದಲ್ಲಿ. ಬ್ಯಾಕ್ಟೀರಿಯಾಗಳು ಈಜುತ್ತ ಗುಂಡನ್ನು ದಬ್ಬುತ್ತವೆ. ಅವುಗಳ ಚುರುಕು ಏರಿಳಿಯುವಂತೆ ಮಾಡಿ, ಅದಕ್ಕೆ ಹೊಂದಿಸಿ ಬೆಳಕಿನ ಹಿಡಿತವನ್ನು ಬಿಗಿದು ಸಡಿಲಿಸಿದರೆ ಗುಂಡಿನಿಂದ ಕೆಲಸ ಹೊರಬರುತ್ತದೆ. ಬ್ಯಾಕ್ಟೀರಿಯಾ ತುಂಬ ಚುರುಕಾಗಿದ್ದಾಗ ಈ ಎಂಜಿನ್ನಿನ ದಕ್ಷತೆ, ಸಮತೋಲನದ ಬಿಸಿಯಿಂದ ನಡೆಯುವ ಸ್ಟರ್ಲಿಂಗ್ ಎಂಜಿನ್ನಿನ ಗರಿಷ್ಠ ಮಿತಿಯನ್ನೂ ಮೀರಿತು. ನಿಯಮವೇನೂ ಮುರಿಯಲಿಲ್ಲ. ಆ ಮಿತಿ ಇದ್ದದ್ದು ಸಮತೋಲನಕ್ಕೆ; ಜೀವವಿರುವಲ್ಲಿ ಸಮತೋಲನವಿಲ್ಲ.

ಇನ್ನೊಂದು ಸಂಗತಿ ಇದಕ್ಕಿಂತ ಮುಖ್ಯ. ಭೌತವಿಜ್ಞಾನಿ ಕ್ರಿಸ್ಟೊಫರ್ ಜರ್ಜಿನ್ಸ್ಕಿ 1997ರಲ್ಲಿ ಕೊಟ್ಟ ಸಮೀಕರಣದ ಪ್ರಕಾರ, ಇಷ್ಟು ಸಣ್ಣ ಮಟ್ಟದಲ್ಲಿ ಒಂದೇ ಪ್ರಯೋಗವನ್ನು ಮತ್ತೆ ಮತ್ತೆ ಮಾಡಿದರೆ ತಗಲುವ ಕೆಲಸ ಪ್ರತಿ ಸಲವೂ ಬೇರೆ. ಕೆಲವು ಸಲ ಅದು ಎರಡನೆಯ ನಿಯಮ ಹೇಳುವುದಕ್ಕಿಂತ ಕಡಿಮೆಯೂ ಆಗುತ್ತದೆ. ಶಕ್ತಿಯ ಲೆಕ್ಕ ಪ್ರತಿ ಸಲವೂ ಸರಿಹೋಗುತ್ತದೆ. ಎಂಟ್ರೊಪಿ ಹೆಚ್ಚಲೇಬೇಕೆಂಬ ಕಟ್ಟು ಮಾತ್ರ ಸರಾಸರಿಗೆ ಸೇರಿದ್ದು, ಒಂದೊಂದು ಸಲಕ್ಕಲ್ಲ.

ಕ್ವಾಂಟಂ ಮಟ್ಟದಲ್ಲಿ ಪ್ರಶ್ನೆ ಇನ್ನೂ ಗಹನ. ಶಕ್ತಿಯನ್ನು ಒಂದು ಕ್ಷಣದಲ್ಲಿ ಅಳೆಯಬಹುದು, ಕೆಲಸವನ್ನು ಹಾಗೆ ಅಳೆಯಲಾಗದು ಎಂದು ಟಾಕ್ನರ್, ಲುಟ್ಜ್, ಹ್ಯಾಂಗಿ ಎಂಬ ಭೌತವಿಜ್ಞಾನಿಗಳು 2007ರಲ್ಲಿ ತೋರಿಸಿದರು. ಮೊದಲೊಮ್ಮೆ, ಕೊನೆಗೊಮ್ಮೆ ಶಕ್ತಿ ಅಳೆದು ವ್ಯತ್ಯಾಸ ತೆಗೆಯಬೇಕು. ಚೀನಾದ ಚಿಂಗ್‌ಹುವಾ ವಿಶ್ವವಿದ್ಯಾಲಯದ ಸಂಶೋಧಕರು ಒಂದೇ ಒಂದು ಯಟರ್ಬಿಯಂ ಅಯಾನಿನ ಮೇಲೆ ಹೀಗೆ ಅಳೆದು, 2015ರಲ್ಲಿ ಜರ್ಜಿನ್ಸ್ಕಿಯ ಮಾತು ಅಲ್ಲೂ ನಿಲ್ಲುತ್ತದೆಂದು ತೋರಿಸಿದರು. ತೊಡಕೆಂದರೆ, ಹಲವು ಶಕ್ತಿಮಟ್ಟಗಳು ಬೆರೆತ ಸ್ಥಿತಿಯಲ್ಲಿ ಕಣವಿದ್ದರೆ ಮೊದಲ ಅಳತೆಯೇ ಆ ಬೆರಕೆಯನ್ನು ಅಳಿಸುತ್ತದೆ. ಅಳೆಯದೆ ಬಿಟ್ಟಿದ್ದರೆ ಆಗುತ್ತಿದ್ದದ್ದೇ ಬೇರೆ.

ಮೊದಲ ಅಳತೆಗೂ ಕೊನೆಯದಕ್ಕೂ ನಡುವಿನ ಈ ಒಗಟಿನಂತೆಯೇ, ಮಾಡಿದ್ದಕ್ಕೂ ಫಲಕ್ಕೂ ನಡುವೆ ಏನಿದೆ ಎಂಬ ಪ್ರಶ್ನೆಯನ್ನು ನಮ್ಮ ದಾರ್ಶನಿಕರು ಬಹಳ ಹಿಂದೆಯೇ ಕೇಳಿದ್ದರು. ಇಂದು ಮುಗಿದ ಯಾಗ ಎಂದೋ ಸ್ವರ್ಗ ಕೊಡುವುದು ಹೇಗೆ? ನಡುವೆ ‘ಅಪೂರ್ವ’ ಎಂಬ ಕಾಣದ ಸಾಮರ್ಥ್ಯವಿದೆ ಎಂದರು ಮೀಮಾಂಸಕರು. ಜಡವಾದ ಅಪೂರ್ವ ಫಲ ಕೊಡಲಾರದು, ಕೊಡುವವನು ಈಶ್ವರ ಎಂದರು ಶಂಕರರು, ಬ್ರಹ್ಮಸೂತ್ರಭಾಷ್ಯದಲ್ಲಿ. ಜಗಳ ದೊಡ್ಡದೇ, ಆದರೆ ಫಲ ಮಾಡಿದವನಿಗೇ ಸೇರಬೇಕು ಎಂಬುದರಲ್ಲಿ ಇಬ್ಬರಿಗೂ ಅನುಮಾನವಿರಲಿಲ್ಲ.

ಉಷ್ಣಶಾಸ್ತ್ರದಲ್ಲಿ ಇಲ್ಲದ್ದು ಅದೇ. ಅಲ್ಲಿ ಕರ್ತೃ ಇಲ್ಲ, ಪಾಪಪುಣ್ಯವಿಲ್ಲ, ಒಂದು ಕಣಕ್ಕೆಂದು ತೆಗೆದಿಟ್ಟ ಫಲವಿಲ್ಲ. ಎಂಟ್ರೊಪಿಯ ನಿಯಮ ಹಲವನ್ನು ಒಟ್ಟಾಗಿ ಕಟ್ಟುತ್ತದೆ, ಒಂದೊಂದನ್ನು ಬಿಟ್ಟುಬಿಡುತ್ತದೆ. ಕರ್ಮಸಿದ್ಧಾಂತ ಹೇಳುವುದು ಇದಕ್ಕೆ ತದ್ವಿರುದ್ಧ: ಅದು ಒಬ್ಬೊಬ್ಬನನ್ನೂ ಬಿಡದೆ ಕಟ್ಟುತ್ತದೆ. ಕರ್ಮವನ್ನು ನಂಬುವವರು ಶ್ರದ್ಧೆಯಿಂದ ನಂಬಲಿ. ಅದಕ್ಕೆ ಶಾಸ್ತ್ರದ, ಅನುಭವದ ಆಧಾರ ಕೊಡಲಿ. ಆದರೆ ಕಾಯಿಲೆ ಬಿದ್ದ ಮಗುವಿನ ತಾಯಿಯ ಎದುರು ಕೂತು, ಇದು ಹಿಂದಿನ ಜನ್ಮದ ಲೆಕ್ಕ, ಭೌತಶಾಸ್ತ್ರವೂ ಹಾಗೇ ಹೇಳುತ್ತದೆ ಎನ್ನುವುದನ್ನು ದಯವಿಟ್ಟು ನಿಲ್ಲಿಸಲಿ. ಭೌತಶಾಸ್ತ್ರ ಹಾಗೆ ಹೇಳಿಲ್ಲ.