ಬೇಕೆಂದು ಮಾಡಲಿಲ್ಲವೆಂಬ ಮಾತು

ಬೇಸಿಗೆಯ ಮೊದಲಲ್ಲಿ ಗುಂಡ್ಲುಪೇಟೆಯ ಸೀಮೆಯ ಗಾಳಿ ಎಷ್ಟು ಒಣಗಿರುವದೆಂಬದು ನಮ್ಮೆಲ್ಲರಿಗೂ ತಿಳಿದದ್ದೇ. ಅಂಥ ಒಂದು ಮಧ್ಯಾಹ್ನ ನಾವು ಹಿತ್ತಲಿನ ತರಗೆಲೆಗಳನ್ನು ಗುಡಿಸಿ, ಬೆಂಕಿ ಹಚ್ಚಿ, ಅದು ಆರಿತೆಂದು ಎಣಿಸಿ ಒಳಗೆ ಹೋದೆವು. ಬೂದಿಯ ಕೆಳಗೆ ಕೆಂಡವಿತ್ತು. ಗಾಳಿ ಎದ್ದಿತು, ಕಿಡಿಯು ನೆರೆಮನೆಯ ರಾಗಿಹುಲ್ಲಿನ ಮೆದೆಗೆ ಬಿತ್ತು. ಊರವರು ಕೊಡಗಳಲ್ಲಿ ನೀರು ಹೊತ್ತರು, ಅಗ್ನಿಶಾಮಕ ದಳದವರು ಬಂದು ಮನೆಯನ್ನು ಉಳಿಸಿದರು, ಹುಲ್ಲು ಉಳಿಯಲಿಲ್ಲ. ಆ ಮನೆಯ ಅಮ್ಮನವರು ಎರಡು ಹಸುಗಳ ಹಾಲಿನಿಂದ ಜೀವಿಸುವವರು. ಆದರೂ ಅವರು, “ಹೋಗಲಿ ಬಿಡಿ ಅಯ್ಯನವರೇ, ನೀವೇನು ಬೇಕೆಂದು ಮಾಡಿದಿರಾ?” ಎಂದರು.

ಅದು ಅವರ ದೊಡ್ಡ ಮನಸ್ಸಿನ ಮಾತು. ಅದನ್ನು ಅವರು ನಮಗೆ ಹೇಳಬಹುದು; ನಮಗೆ ನಾವೇ ಹೇಳಿಕೊಳ್ಳಬಹುದೋ?

ಕೇಡು ಬಯಸದವನಿಗೆ ದೋಷವಿಲ್ಲವೆಂದು ಅನೇಕರು ಎಣಿಸುತ್ತಾರೆ. ಆದರೆ ಬೆಂಕಿಯು ಹಚ್ಚಿದವನ ಮನಸ್ಸನ್ನು ನೋಡಿ ಸುಡುವದಿಲ್ಲ. ಒಬ್ಬನು ಹಚ್ಚಿದ ಬೆಂಕಿ ಮುಳ್ಳುಗಳಿಗೆ ಹತ್ತಿ ಮತ್ತೊಬ್ಬನ ಪೈರನ್ನು ಸುಟ್ಟರೆ, ಹಚ್ಚಿದವನೇ ನಷ್ಟವನ್ನು ತುಂಬಬೇಕೆಂದು ಮೋಶೆಯ ಧರ್ಮಶಾಸ್ತ್ರದಲ್ಲಿ ಉಂಟು. ಅವನ ಉದ್ದೇಶವೇನೆಂದು ಅಲ್ಲಿ ಕೇಳಿರುವದಿಲ್ಲ. ಕೊಳ್ಳಿಯಿಟ್ಟವನೂ ಅಜಾಗ್ರತನೂ ಸಮಾನರೆಂದು ಇದರ ಅರ್ಥವಲ್ಲ. ಮೊದಲನೆಯವನು ನೆರೆಯವನಿಗೆ ಕೇಡನ್ನು ನೆನೆದನು. ಎರಡನೆಯವನು ನೆರೆಯವನನ್ನು ನೆನೆಯಲೇ ಇಲ್ಲ. ಹೀಗೆ ನೆನೆಯದಿರುವದೂ ಒಂದು ತಪ್ಪೇ.

ಯಾಕಂದರೆ ನಮ್ಮ ಅಜಾಗ್ರತೆಯ ಸಾಲವನ್ನು ಅನೇಕಸಾರಿ ಬೇರೆಯವರು ತಮ್ಮ ಪ್ರಾಣದಿಂದ ತೀರಿಸುತ್ತಾರೆ. 1944ನೆಯ ಏಪ್ರಿಲ್ 14ರಂದು ಬೊಂಬಾಯಿಯ ಬಂದರಿನಲ್ಲಿ ಹತ್ತಿಯನ್ನೂ ಸ್ಫೋಟಕಗಳನ್ನೂ ಒಟ್ಟಿಗೆ ತುಂಬಿದ್ದ ಹಡಗಿಗೆ ಬೆಂಕಿ ಬಿದ್ದು ಅದು ಸಿಡಿದಾಗ, ಆರಿಸಲು ಹೋದವರಲ್ಲಿ 66 ಮಂದಿ ಅಗ್ನಿಶಾಮಕರು ಸತ್ತರು. ಆದಕಾರಣ ಆ ದಿನವನ್ನು ದೇಶವು ಇಂದಿಗೂ ಅಗ್ನಿಶಾಮಕ ಸೇವಾ ದಿನವೆಂದು ಆಚರಿಸುತ್ತದೆ. ಬೊಂಬಾಯಿ ದೂರವೆನ್ನುವಿರೋ? ನಮ್ಮ ಬಂಡೀಪುರದಲ್ಲಿಯೇ 2017ರ ಫೆಬ್ರವರಿಯಲ್ಲಿ ಕಾಡಿನ ಬೆಂಕಿಯನ್ನು ಆರಿಸುತ್ತಿದ್ದ ಅರಣ್ಯ ರಕ್ಷಕರೊಬ್ಬರು ಮೃತರಾದರು. 2019ರ ಫೆಬ್ರವರಿಯಲ್ಲಿ ಗೋಪಾಲಸ್ವಾಮಿ ಬೆಟ್ಟದ ಸುತ್ತಲಿನ ಕಾಡು ಉರಿದು, 10,000 ಎಕರೆಗೂ ಮಿಕ್ಕ ನೆಲ ಸುಟ್ಟು, ಕಡೆಗೆ ವಾಯುಸೇನೆಯ ಹೆಲಿಕಾಪ್ಟರುಗಳು ನೀರು ಸುರಿಯಬೇಕಾಯಿತು. ಕಾಡಿಗೆ ಬೀಳುವ ಬೆಂಕಿಯಲ್ಲಿ ಬಹುಪಾಲು ಮನುಷ್ಯರ ಕೈಯಿಂದಲೇ ಹುಟ್ಟುವದು. ಹೊಲದ ಬದುವಿಗೆ ಬೆಂಕಿ ಹಚ್ಚುವವನೂ ಬೀಡಿಯ ತುಂಡನ್ನು ಎಸೆಯುವವನೂ ಕೇಳಿದರೆ ಹೇಳುವದು ಅದೇ ಮಾತು.

ಹೀಗಿರಲಾಗಿ ನೆರೆಯವನ ಮೇಲಣ ಪ್ರೀತಿಯು ಒಲೆಯ ಮುಂದೆಯೇ ಆರಂಭವಾಗಬೇಕು. ಬೂದಿಗೆ ನೀರು ಹೊಯ್ದು, ಕೆದಕಿ, ಪುನಃ ಹೊಯ್ಯಬೇಕು. ಗಾಳಿಯ ಹೊತ್ತಿನಲ್ಲಿ ಕಸ ಸುಡಲೇಬಾರದು. ಅಡಿಗೆಯ ಗ್ಯಾಸು ಗಾಳಿಗಿಂತ ಭಾರವಾದ್ದರಿಂದ ನೆಲದ ಮಟ್ಟದಲ್ಲಿ ನಿಲ್ಲುವದು. ವಾಸನೆ ಬಂದರೆ ದೀಪದ ಸ್ವಿಚ್ಚನ್ನು ಹಾಕಲೂ ಬಾರದು, ಆರಿಸಲೂ ಬಾರದು. ರೆಗ್ಯುಲೇಟರನ್ನು ಮುಚ್ಚಿ, ಬಾಗಿಲು ಕಿಟಕಿಗಳನ್ನು ತೆರೆದು ಹೊರಗೆ ಬರಬೇಕು. ಬಾಣಲೆಯ ಎಣ್ಣೆ ಹೊತ್ತಿಕೊಂಡರೆ ನೀರು ಹಾಕದೆ ಒಲೆಯನ್ನು ಆರಿಸಿ ತಟ್ಟೆ ಮುಚ್ಚಬೇಕು. ಬೆಂಕಿ ಕೈಮೀರುವ ಮುಂಚೆಯೇ 101ಕ್ಕಾಗಲಿ 112ಕ್ಕಾಗಲಿ ಕರೆಮಾಡಬೇಕು. ನಾಚಿಕೆಯಿಂದ ತಡಮಾಡುವದು ಎರಡನೆಯ ತಪ್ಪು. ಅಂದು ನಾವೂ ಆ ನಾಚಿಕೆಯಲ್ಲಿ ಕೆಲವು ನಿಮಿಷಗಳನ್ನು ಕಳೆದೆವು.

ಮರುವಾರ ನಾವು ಒಂದು ಗಾಡಿ ಹುಲ್ಲು ಕೊಂಡು ಆ ಅಮ್ಮನವರ ಹಿತ್ತಲಿಗೆ ಇಳಿಸಿದೆವು. ಅವರು ಬೇಡವೆಂದರು. ನಾವು, “ಅಮ್ಮಾ, ನೀವು ಕ್ಷಮಿಸಿದ್ದೀರಿ, ಆದರೆ ಹಸುಗಳು ಕ್ಷಮೆಯನ್ನು ಮೇಯಲಾರವು” ಅಂದೆವು. ಅವರು ನಕ್ಕು ಹುಲ್ಲನ್ನು ಒಟ್ಟಿಸಿಕೊಂಡರು. ಈ ಸಾರಿ ನಮ್ಮ ಬೇಲಿಗೆ ದೂರವಾಗಿ ಒಟ್ಟಿಸಿದರು. ಅದನ್ನು ನೋಡುವಾಗೆಲ್ಲಾ ನಾವು ತಲೆ ತಗ್ಗಿಸುತ್ತೇವೆ. ತಗ್ಗಿಸುವದು ನ್ಯಾಯವೇ.